ಬಾಯಿಗೆ ತುರುಕಿದ ಜಾಮೂನು

ಕ್ಯಾಸಂಬಳ್ಳಿಯ ಅರುಣಕುಮಾರಿಗೆ ಆಟಿಸಂ ಇದೆಯೆಂದು ಗೊತ್ತಾಗಿದ್ದು ಇಪ್ಪತ್ತನಾಲ್ಕು ದಾಟಿದ ಮೇಲೆ. ಯಾರಾದರೂ ಮುಟ್ಟಿದರೆ ಮೈಮೇಲೆ ಹುಳು ಹರಿದಂತಾಗುವುದಕ್ಕೆ ಒಂದು ಹೆಸರಿದೆ ಎಂದು ಅವಳಿಗೆ ಆಗ ಸಮಾಧಾನವೇ ಆಗಿತ್ತು.

ಬಂಗಾರಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಅವಳ ಕೆಲಸ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಕಂಪ್ಯೂಟರಿನಲ್ಲಿ ಆಕಾಶ ನೋಡುತ್ತಿದ್ದಳು. ದೊಡ್ಡ ದೂರದರ್ಶಕವೊಂದು ಒಂದೇ ಜಾಗವನ್ನು ನಾಲ್ಕು ಸಲ ತೆಗೆದ ಫೋಟೋಗಳು. ಅವುಗಳಲ್ಲಿ ಸರಿದಾಡಿದ ಚುಕ್ಕೆ ಹುಡುಕಿ ವಿಜ್ಞಾನಿಗಳಿಗೆ ತಿಳಿಸಬೇಕು. ಯಾರು ಬೇಕಾದರೂ ಸೇರಬಹುದಾದ ಕೆಲಸ. ಅವಳೂ ಇನ್ನು ಮೂವರೂ ಗುರುತಿಸಿದ ಒಂದು ಚುಕ್ಕೆ ಹೊಸ ಕ್ಷುದ್ರಗ್ರಹ ಇರಬಹುದು, ಖಚಿತವಾಗಲು ಕಾಲ ಬೇಕು ಎಂದು ಮೇಲ್ ಬಂತು. ಅಂಗಡಿಯ ಯಜಮಾನ ಅದನ್ನು ಊರೆಲ್ಲ ಹೇಳಿಕೊಂಡು ಬಂದ.

ಸಂಘವೊಂದರ ಅಧ್ಯಕ್ಷ ಚಿರಂಜೀವಿ ಸನ್ಮಾನ ಇಟ್ಟುಕೊಂಡ. ಅಪ್ಪ ಆದಿನಾರಾಯಣನ ಬಲವಂತಕ್ಕೆ ಅವಳು ಹೋದಳು.

ವೇದಿಕೆಯ ಮೇಲೆ ಸೆಂಟಿನ ವಾಸನೆ, ಕೊರಳಿಗೆ ಒದ್ದೆ ಹಾರ. ಚಿರಂಜೀವಿ ಮೈಕಿನಲ್ಲಿ, "ಪಾಪ, ಬುದ್ಧಿ ಬೆಳೀದಿರೋ ಮಗು. ಆದ್ರೂ ನಕ್ಷತ್ರ ಕಂಡಿಡಿದವ್ಳೆ!" ಎಂದು ಅವಳ ಕೆನ್ನೆ ಸವರಿದ.

"ನಕ್ಷತ್ರ ಅಲ್ಲ," ಎಂದಳು ಅರುಣಕುಮಾರಿ. "ಇನ್ನೂ ಖಚಿತ ಆಗಿಲ್ಲ. ನಾನೊಬ್ಳೇ ಅಲ್ಲ, ನಾಲ್ಕು ಜನ."

ಸಭೆ ನಕ್ಕಿತು. ಫೋಟೋದವನು ಸನ್ನೆ ಮಾಡಿದ. ಚಿರಂಜೀವಿ ಪಾಕ ಸುರಿಯುವ ಬೆರಳುಗಳಿಂದ ಜಾಮೂನೊಂದನ್ನು ಅವಳ ಬಾಯಿಗೆ ತುರುಕಿದ. ಉಗುರು ತುಟಿಗೆ ತಾಗಿತು, ತಂಬಾಕಿನ ನಾತ. ಅವಳು ಅಲ್ಲೇ ಉಗಿದಳು. ಅರೆಬೆಂದ ಮುದ್ದೆಯಂತೆ ಅದು ಅವನ ಬಿಳಿ ಪಂಚೆಯ ಮೇಲೆ ಬಿತ್ತು.

ಆದಿನಾರಾಯಣ ಓಡಿ ಬಂದು ಕೈಮುಗಿದ. "ತಪ್ಪಾಯ್ತು ಸ್ವಾಮಿ. ಅವ್ಳಿಗೆ ಗೊತ್ತಾಗಾಕಿಲ್ಲ."

ಚಿರಂಜೀವಿಯ ಬೆರಳಿಗಿಂತ ಆ ಮಾತು ಅವಳಿಗೆ ಹೆಚ್ಚು ಹೇಸಿಗೆ ತಂದಿತು. ಹಾರ ಕಿತ್ತೆಸೆದು ಬಸ್‌ಸ್ಟ್ಯಾಂಡಿಗೆ ನಡೆದಳು. ನಲ್ಲಿಯಲ್ಲಿ ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ಆ ನಾತ ಹೋಗಲೊಲ್ಲದು.

"ನಂಗೆ ಗೊತ್ತಾಗ್ತದೆ ಅಪ್ಪ," ಎಂದಳು, ಹಿಂದೆ ಬಂದ ಅಪ್ಪನ ಮುಖ ನೋಡದೆ. "ಅಸಹ್ಯ ಆಯ್ತು, ಉಗ್ದೆ. ಗೊತ್ತಾಗಾಕಿಲ್ಲ ಅಂತ ಯಾಕಂದೆ?"

ಆದಿನಾರಾಯಣ ಟವೆಲ್ಲಿನ ಅಂಚು ಹಿಂಡಿದ. "ಎದ್ರಿಕೊಂಡು ಅಂದ್ಬುಟ್ಟೆ ಕಣಮ್ಮ. ಅವನ್ ಕೈ ನೋಡಿ ನಂಗೂ ಇಸ್ಸಿ ಅನ್ನಿಸ್ತು."

ಎರಡು ದಿನ ಬಿಟ್ಟು ಸ್ಥಳೀಯ ಪತ್ರಿಕೆಯಲ್ಲಿ ಬಾಯಿ ತುಂಬ ಜಾಮೂನಿದ್ದ ಅವಳ ಫೋಟೋ ಬಂತು: 'ನಕ್ಷತ್ರ ಪತ್ತೆಹಚ್ಚಿದ ಬುದ್ಧಿಮಾಂದ್ಯೆ'. ಅಂಗಡಿಯಲ್ಲಿ ಕೂತು ಸುದ್ದಿಯ ತಪ್ಪುಗಳನ್ನು ಒಂದೊಂದಾಗಿ ತಿದ್ದಿ ಪತ್ರ ಟೈಪ್ ಮಾಡಿದಳು. ತನ್ನ ಜೊತೆಯವರ ಮೂರೂ ಹೆಸರುಗಳನ್ನು ಸೇರಿಸಿದಳು.

ಆದಿನಾರಾಯಣ ಅದನ್ನು ತಾನೇ ಪತ್ರಿಕೆಯ ಕಚೇರಿಗೆ ಒಯ್ದ. ಅಲ್ಲಿಯವನು ಓದಿ ನಗುತ್ತ, "ಯಾರು ಬರ್ಕೊಟ್ರು?" ಎಂದು ಕೇಳಿದ.

"ನನ್ ಮಗಳು. ಅವ್ಳಿಗೆಲ್ಲ ಗೊತ್ತಾಗ್ತದೆ," ಎಂದ ಆದಿನಾರಾಯಣ, ಪತ್ರ ತಲುಪಿದೆಯೆಂದು ಅವನು ಸೀಲು ಹಾಕುವವರೆಗೂ ಮೇಜು ಬಿಟ್ಟು ಕದಲಲಿಲ್ಲ.