ಒಡ್ಡಿನ ಮೇಲಿನ ತವರು

“ಏ ಕತ್ತಿ ಸೂಳೆಮಗನ, ಕೆಳಗಿಳಿಯಲೇ!”

ಬೈದದ್ದು ನನಗೋ ಕತ್ತೆಗೋ ತಿಳಿಯದೆ ಇಬ್ಬರೂ ನಿಂತಲ್ಲೇ ನಿಂತೆವು. ಬೈದವನು ಗುತ್ತೇದಾರ ಅಮರೇಶಪ್ಪ. ನಾನು ಮಲ್ಲಣ್ಣ, ಒಡ್ಡಿನ ಮಣ್ಣು ತುಳಿಸುವವನು. ಹಸಿಮಣ್ಣು ಗಟ್ಟಿ ಮಾಡಲು ರೋಲರ್ ಬರುತ್ತದೆಂದು ಅವನು ಯುಗಾದಿಯಿಂದಲೂ ಹೇಳುತ್ತಿದ್ದ. ಅದು ಎಲ್ಲಿ ಉರುಳುತ್ತಿತ್ತೋ ಅವನಿಗೇ ಗೊತ್ತು. ಇಲ್ಲಿ ನಮ್ಮ ಹೆಂಗಸರು, ಮುದುಕರು, ಕತ್ತೆಗಳು ಸಾಲಾಗಿ ಹಿಂದೆ ಮುಂದೆ ನಡೆದೇ ಇಡೀ ಒಡ್ಡನ್ನು ಗಟ್ಟಿ ಮಾಡಿದ್ದೆವು. ಈಗ ಅದರ ಮೇಲೆ ಶಾಮಿಯಾನ ಎದ್ದಿತ್ತು. ಮರುದಿನ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು.

“ಆಚಾರ್ರು ಶುದ್ಧಿ ಮಾಡಾಕತ್ಯಾರ. ನೀ ಮತ್ತ ತುಳದು ಮೈಲಿಗಿ ಮಾಡಬ್ಯಾಡ!”

ನರಹರಿ ಆಚಾರ್ಯರು ತಂಬಿಗೆ ಹಿಡಿದು ಒಡ್ಡಿನುದ್ದಕ್ಕೂ ಗಂಜಲ ಚಿಮುಕಿಸುತ್ತಿದ್ದರು. ನನ್ನ ಅತ್ತೆ ಅಂಬವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ಕೇಳಿದಳು:

“ಆಚಾರ್ರ, ಮ್ಯಾಲಷ್ಟ ಚಿಮುಕಿಸಿದ್ರ ಹೆಂಗ್ರಿ? ಬುಡದ ತನಕ ನಮ್ಮ ಕಾಲೇ ತುಳದಾವು. ಅಗದು ತೋರಿಸ್ಲೇನು?”

ಆಚಾರ್ಯರು ಕೇಳಿಸದವರಂತೆ ಮಂತ್ರ ಜೋರು ಮಾಡಿದರು. ಪಂಚೆ ಸರಿಮಾಡಿಕೊಳ್ಳಲು ತಂಬಿಗೆ ಕೆಳಗಿಟ್ಟಾಗ ನಮ್ಮ ಕತ್ತೆ ಬಂದು ಮೂಸಿ ನೋಡಿ ಅದರೊಳಗೇ ಸೀನಿತು. ಅದಕ್ಕೂ ನನಗೇ ಬೈಗುಳ ಬಿತ್ತು.

ಹೋದ ಮಳೆಗಾಲದಲ್ಲಿ ಹಳ್ಳ ಏರಿ ಹೈದರಾಬಾದಿನ ಈ ಉಪ್ಪಲ್ಲಿನ ಹೊಸ ಕಾಲೋನಿಯವರ ಸೋಫಾಗಳು ತೇಲಿದ್ದವಂತೆ. ಅವು ಮತ್ತೆ ತೇಲಬಾರದೆಂದು ಸರ್ಕಾರ ಹಳ್ಳಕ್ಕೆ ಅಡ್ಡಲಾಗಿ ಈ ಮಣ್ಣಿನ ಒಡ್ಡು ಹಾಕಿಸಿತು. ಮಣ್ಣು ಅಗೆದ ಗುಂಡಿಯಲ್ಲೇ ಗುಡಿಸಲು ಹಾಕಿಕೊಳ್ಳಿ ಎಂದ ಅಮರೇಶಪ್ಪ. ಹಾಕಿಕೊಂಡೆವು. ಒಡ್ಡು ಎದೆಮಟ್ಟ ಏರಿದ ಮೇಲೆ ನಮಗೆ ಹೊಳೆಯಿತು: ಕಾಲೋನಿಗೆ ಹೋಗದ ನೀರು ಬಂದು ನಿಲ್ಲುವುದು ನಮ್ಮ ಒಲೆಯ ಮೇಲೆ. ನಮ್ಮನ್ನು ನಾವೇ ಮುಳುಗಿಸಿಕೊಳ್ಳಲು ಅಷ್ಟು ದಿನ ಬೆವರು ಸುರಿಸಿದ್ದೆವು. ಇಂಥ ದಡ್ಡತನವನ್ನು ನಮ್ಮ ಕತ್ತೆಯೂ ಮಾಡಲಾರದು.

ನನ್ನ ಹೆಂಡತಿ ಬಸಲಿಂಗಮ್ಮನಿಗೆ ದಿನ ತುಂಬಿದ್ದವು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತವರೆಂದರೆ ಅಂಬವ್ವನ ಗುಡಿಸಲು, ಅದು ನನ್ನ ಗುಡಿಸಲಿನ ಪಕ್ಕದ್ದೇ. ಹಾಗೆಂದು ಪದ್ಧತಿ ಬಿಡಲಾದೀತೆ? ಉಡಿ ತುಂಬಿ, ಕತ್ತೆಯ ಮೇಲೆ ಕೂರಿಸಿ, ಗುಂಡಿಗೆ ಒಂದು ಸುತ್ತು ಹಾಕಿಸಿ, ಎಲ್ಲರೂ ಕಣ್ಣೀರು ಒರೆಸಿಕೊಂಡು ಪಕ್ಕದ ಬಾಗಿಲಿಗೆ ಕಳಿಸಿಕೊಟ್ಟೆವು. ಮೋಡ ಕಟ್ಟುತ್ತಿತ್ತು. ತುಂಬಿದ ಬಸುರಿಯನ್ನು ಎಲ್ಲಿಗೆಂದು ನಡೆಸಿಕೊಂಡು ಹೋಗಲಿ? ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕಾಲೋನಿಯ ಕಾರ್ಯದರ್ಶಿ ರಾಮಕೃಷ್ಣ ಮೈಸೂರು ಕಡೆಯವರು, ದೊಡ್ಡ ಕಾರ್ಖಾನೆಯಲ್ಲಿ ನೌಕರಿ. ಹೈದರಾಬಾದಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಕರಗಿಹೋಗುತ್ತಾರೆ ಎಂದು ಯಾರೋ ಹೇಳಿದ್ದರು. ಗಂಜಲ ಚಿಮುಕಿಸಿದ ದಿನವೇ ಸಂಜೆ ನಾನೂ ಅಂಬವ್ವನೂ ಹೋಗಿ, ಒಡ್ಡಿನ ಈಚೆ, ಕಾಲೋನಿ ಕಡೆಯ ಬಯಲಿನಲ್ಲಿ ಮಳೆಗಾಲ ಮುಗಿಯುವ ತನಕ ನಾಲ್ಕು ಗಳ ನೆಟ್ಟು ಗುಡಿಸಲು ಹಾಕಿಕೊಳ್ಳುತ್ತೇವೆ ಎಂದು ಕೇಳಿಕೊಂಡೆವು.

“ಅಯ್ಯೋ, ನಮ್ಮ ಕನ್ನಡದವರು!” ಎಂದು ಅವರು ಹಿಗ್ಗಿದರು. ಆಮೇಲೆ, “ಆದರೆ ಅಲ್ಲಿ ಪಾರ್ಕ್ ಬರುತ್ತಪ್ಪಾ. ನೀವು ಬಂದು ಕೂತರೆ ನಮ್ಮ ಮಕ್ಕಳು ಆಡೋದೆಲ್ಲಿ?” ಎಂದರು.

“ಪಾರ್ಕ ಯಾವಾಗ ಬರ್ತೈತ್ರಿ?” ಎಂದಳು ಅಂಬವ್ವ.

“ಬರುತ್ತೆ, ಬರುತ್ತೆ.”

ರೋಲರಿನ ಜೊತೆಗೇ ಬರಬಹುದು ಎಂದುಕೊಂಡೆ. ಕುಡಿಯಲು ನೀರು ಕೇಳಿದಾಗ ಕಾಂಪೌಂಡಿನ ಮೇಲಿಂದ ನಮ್ಮ ಬೊಗಸೆಗೆ ಎತ್ತರದಿಂದ ಹುಯ್ದರು. ಕನ್ನಡದಲ್ಲೇ ಹುಯ್ದರು.

ಮರುದಿನ ಮಂತ್ರಿಗಳ ಕಾರು ಬಂದಾಗ ಹನಿ ಶುರುವಾಗಿತ್ತು. ಅವರು ಹಾರಕ್ಕೆ ಕುತ್ತಿಗೆ ಬಗ್ಗಿಸಿದ್ದೇ ತಡ, ಶಾಮಿಯಾನದೊಳಗಿಂದ ಕೂಗೆದ್ದಿತು:

“ಎವ್ವಾ, ಸತ್ನೆವ್ವೋ!”

ನನ್ನ ಹೆಂಡತಿಯ ದನಿ! ಎಲ್ಲರ ಕಣ್ಣು ಹಾರದ ಮೇಲಿದ್ದಾಗ ಅಂಬವ್ವ ಹಿಂದಿನ ಪರದೆ ಎತ್ತಿ ಮಗಳನ್ನು ಒಳಗೆ ನುಗ್ಗಿಸಿದ್ದಳು. ಈಗ ಕುಡಗೋಲು ಹಿಡಿದು ಮುಂಬಾಗಿಲಲ್ಲಿ ನಿಂತಿದ್ದಳು.

“ಹೆರಿಗಿ ಮನಿ ಇದು! ಯಾವ ಗಂಡಸು ಒಳಗ ಬರ್ತಾನ ಬರ್ಲಿ!”

“ಆ ರಂಡೀನ ಹೊರಗ ಎಳೀರಲೇ!” ಎಂದು ಅಮರೇಶಪ್ಪ ಹಾರಾಡಿದ.

“ಬಾರಲೇ ಭಾಡ್ಯಾ! ನಿಮ್ಮವ್ವ ನಿನ್ನ ಹಡಿಯೂಮುಂದ ಗುತ್ತೇದಾರನ್ನ ಕರದಿದ್ಲೇನು?”

ಎಲ್ಲರೂ ಆಚಾರ್ಯರ ಮುಖ ನೋಡಿದರು. ಅವರು ಪಂಚೆ ಮೊಣಕಾಲಿಗೆ ಎತ್ತಿಕೊಂಡು ಹಿಂದಕ್ಕೆ ಸರಿಯುತ್ತಿದ್ದರು.

“ಹೆರಿಗಿ ಮೈಲಿಗಿ. ಕುರ್ಚಿ, ಜಮಖಾನಿ ಎಲ್ಲಾ ಹೋತು. ಪುರುಡು ಮುಗಿಯೂತನಕ ನಾ ಅಂತೂ ಒಳಗ ಕಾಲಿಡಂಗಿಲ್ಲ.”

ಆಚಾರ್ಯರೇ ಇಡದ ಕಾಲನ್ನು ಮಂತ್ರಿಗಳು ಇಟ್ಟಾರೆಯೇ? ಮಳೆ ಜೋರಾಯಿತು. “ಪದಂಡಿ, ಪದಂಡಿ” ಎಂದು ತೆಲುಗಿನಲ್ಲಿ ಅವಸರಿಸುತ್ತ ಅವರು ಕಾರು ಹತ್ತಿದರು.

ನನಗೆ ಜೀವ ಬಾಯಿಗೆ ಬಂದಿತ್ತು. ಪರದೆಯ ಅಂಚೆತ್ತಿ ಇಣುಕಿದೆ. ಬಸಲಿಂಗಮ್ಮ ಮಂತ್ರಿಗಳ ಮೆತ್ತನೆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಪೂಜೆಯ ಬಾಳೆಹಣ್ಣು ತಿನ್ನುತ್ತಿದ್ದಳು. ಒಂದು ಕಚ್ಚುವಳು, ಒಂದು ಕೂಗು ಹಾಕುವಳು.

“ನೋವು ಬಂದಿಲ್ಲೇನ?”

“ಎಲ್ಲೀ ನೋವು? ಅವ್ವ ಕಿರಚು ಅಂದಾಳ. ಆ ಟೆಂಗಿನಕಾಯಿ ಒಡದು ಕೊಡ.”

ನಗು ತಡೆಯಲಾರದೆ ಕೆಸರಿನಲ್ಲೇ ಕುಸಿದು ಕೂತೆ.

ಚಾಪೆ, ಗಡಿಗೆ, ಕೋಳಿಗಳನ್ನು ಕತ್ತೆಗಳ ಮೇಲೆ ಹೇರಿಕೊಂಡು ನಮ್ಮವರೆಲ್ಲ ಒಡ್ಡು ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಗುಂಡಿ ತುಂಬಿತು. ಮೊದಲು ನನ್ನ ಗುಡಿಸಲು ಮಗ್ಗುಲಿಗೆ ವಾಲಿತು, ಆಮೇಲೆ ತವರು. ನಾವು ತುಳಿದ ಒಡ್ಡು ಮಾತ್ರ ಒಂದು ಹೆಂಟೆಯೂ ಜಾರದೆ ನಿಂತಿತ್ತು.

ಸಂಜೆ ರಾಮಕೃಷ್ಣ ಕೊಡೆ ಹಿಡಿದು ಬಂದರು, ಬೆನ್ನಿಗೆ ಅಮರೇಶಪ್ಪ. ಅಂಬವ್ವ ಮಂತ್ರಿಗಳ ಹೆಸರು ಕೆತ್ತಿದ ಕಲ್ಲನ್ನು ಒಲೆಗೆ ಗಾಳಿ ತಾಗದಂತೆ ಮರೆಯಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು.

“ಹೆರಿಗೆ ಆಯ್ತೇನಮ್ಮಾ?”

“ಆಗಾಕತ್ತೈತ್ರಿ.”

“ಇನ್ನೂ ಎಷ್ಟು ಹೊತ್ತು?”

“ನಿಮ್ಮ ಪಾರ್ಕ ಬರೂತನಕ.”

ಆಗ ಒಳಗಿಂದ ಮತ್ತೊಂದು ಕೂಗು ಬಂತು. ಅದು ಬೇರೆ ಥರ ಇತ್ತು. ಅಂಬವ್ವನ ಕೈಯಿಂದ ರೊಟ್ಟಿ ಜಾರಿತು. ಕುಡಗೋಲನ್ನು ನನ್ನ ಕೈಗೆ ತುರುಕಿ ಒಳಗೆ ಓಡಿದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ಪಕ್ಕಕ್ಕೆ ಕತ್ತೆಯೂ ಬಂದು ನಿಂತಿತು.

“ಕೆಳಗಿಳೀರಿ,” ಎಂದೆ.

ಹೇಳಿದ್ದು ಯಾರಿಗೆಂದು ಈ ಸಲ ಯಾರಿಗೂ ಅನುಮಾನ ಬರಲಿಲ್ಲ.