ಕೆಂಪು ಕಿವಿಯ ಕುರಿಗಳು

ಸೊಪ್ಪು ಕಡಿಯುವ ದೋಟಿಯ ಮೊದಲ ಏಟು ಹಂಚಿನಾಳ ಡಾಕ್ಟರ ಮೊಣಕೈಗೆ ಬಿತ್ತು. ಕೈಯಲ್ಲಿದ್ದ ಸೀಸೆ ಕಲ್ಲಿಗೆ ತಾಗಿ ಒಡೆಯಿತು. ಎರಡನೆಯ ಏಟಿಗೆ ಅವರೇ ಕುರಿಹಟ್ಟಿಯ ಗೊಬ್ಬರದಲ್ಲಿ ಬಿದ್ದರು.

"ನನ್ನ ಮಂದೆಗೆ ಹುಳ ಕುಡಿಸ್ತೀಯೇನೋ, ಬೇವಾರ್ಸಿ!" ಎಂದು ಎರ್ರಪ್ಪ ಅರಚಿದ.

ಆ ವರ್ಷ, ಅರವತ್ತೇಳರಲ್ಲಿ, ಮಂಡಿಕಲ್ಲಿನ ಸುತ್ತ ಮಳೆ ಚೆನ್ನಾಗಿತ್ತು. ಕೆರೆಯಂಗಳದ ಹಸಿ ಹುಲ್ಲು ಮೇಯ್ದ ಕುರಿಗಳಿಗೆ ಕೆಮ್ಮು ಹತ್ತಿತ್ತು. ಧಾರವಾಡದ ಕಡೆಯಿಂದ ಬಂದಿದ್ದ ಪಶುವೈದ್ಯ ಹಂಚಿನಾಳರು ಹೊಸ ಲಸಿಕೆಯ ಪರೀಕ್ಷೆಗೆ ಎರ್ರಪ್ಪನ ಮಂದೆಯನ್ನು ಆರಿಸಿಕೊಂಡಿದ್ದರು. ಮುಂಗಾರಿಗೆ ಮೊದಲೇ ಅರ್ಧ ಮಂದೆಗೆ ಕುಡಿಸಿ, ಕುಡಿದವುಗಳ ಕಿವಿಗೆ ಕೆಂಪು ಬಣ್ಣ ಬಳಿದಿದ್ದರು. ಉಳಿದರ್ಧಕ್ಕೆ ಇಲ್ಲ, ಹೋಲಿಸಿ ನೋಡಬೇಕಲ್ಲ.

ಈ ಬೆಳಿಗ್ಗೆ ಕಿವಿಗೆ ಬಣ್ಣವಿಲ್ಲದ ಒಂದು ಟಗರು ಸತ್ತಿತ್ತು. ಕುಯ್ದರೆ ಉಸಿರಿನ ಕೊಳವೆ ತುಂಬ ಬಿಳಿ ದಾರದಂಥ ಹುಳ. ಅದೇ ಹೊತ್ತಿಗೆ ಡಾಕ್ಟರು ಎರಡನೇ ಸರದಿಯ ಸೀಸೆ ಹಿಡಿದು ಬಂದರು. ಅದರಲ್ಲೇನಿದೆ ಎಂದು ಎರ್ರಪ್ಪ ಕೇಳಿದ. ಸುಳ್ಳು ಹೇಳಲು ಬಾರದ ಡಾಕ್ಟರು, "ಹುಳಾನ ಅದಾವು. ಜೀವ ಇದ್ದ ಮರಿ ಹುಳ, ಕಿರಣ ಬಿಟ್ಟು ಸೊರಗಿಸೇವಿ. ಇವನ್ನ ಕುಡದ ಕುರಿಗೆ ರೋಗದ ಹುಳ ಹತ್ತಂಗಿಲ್ಲ" ಎಂದರು. ಅಷ್ಟಕ್ಕೇ ಬಿಡದೆ, ಮನೆಮಾತು ತೆಲುಗಿನವನಿಗೆ ಚೆನ್ನಾಗಿ ತಿಳಿಯಲೆಂದು, ಹೊಸದಾಗಿ ಕಲಿತ ತೆಲುಗಿನಲ್ಲಿ "ಮಂಚಿ ಮಂದು ಪೆಟ್ಟಿನಾನು" ಎಂದು ನಕ್ಕರು. ಒಳ್ಳೆಯ ಔಷಧ ಕೊಟ್ಟಿದ್ದೇನೆ ಎಂಬುದು ಅವರ ಎಣಿಕೆ. ಆದರೆ ತೆಲುಗಿನಲ್ಲಿ ಮಂದು 'ತಾಗಿಸಿ'ದರೆ, ಅಂದರೆ ಕುಡಿಸಿದರೆ, ಔಷಧ; 'ಪೆಟ್ಟಿ'ದರೆ, ಅಂದರೆ ಇಟ್ಟರೆ, ಮಾಟದ ವಿಷ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾಪ, ಆ ಪುಣ್ಯಾತ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಈಗ ಅವರು ಮುರಿದ ಕೈ ಎದೆಗೊತ್ತಿಕೊಂಡು, "ಕೆಂಪು ಕಿವೀವು ಕೆಮ್ಮತಾವೇನು? ಕಿವಿಗೊಟ್ಟು ಕೇಳೋ ಯಪ್ಪಾ!" ಎಂದು ಅಳುತ್ತಿದ್ದರು. ಎರ್ರಪ್ಪ ಕೇಳಲಿಲ್ಲ. ವಿಷ ಕುಡಿದವು ಉಳಿದವಕ್ಕೂ ಹುಳ ಹಚ್ಚುತ್ತವೆ ಎಂದು ಮಚ್ಚು ತಂದು, ಕೆಂಪು ಕಿವಿಯವನ್ನು ಒಂದೊಂದಾಗಿ ಎಳೆದು ಕತ್ತು ಕಡಿದ. ಪಂಚೆಯೆಲ್ಲ ರಕ್ತವಾಯಿತು. ಕೊನೆಯದು, ಅವನ ಅಂಗೈಯಿಂದ ಹುರುಳಿ ತಿಂದು ಬೆಳೆದದ್ದು, ತಾನಾಗಿಯೇ ಹತ್ತಿರ ಬಂತು. ಅದನ್ನೂ ಕಡಿದ.

ಹೆಂಡತಿ ಮುನಿಗಂಗಮ್ಮ ಕುಡುಗೋಲಿನಿಂದ ಅದರ ಉಸಿರಿನ ಕೊಳವೆ ಸೀಳಿದಳು. ಇನ್ನೊಂದರದ್ದು ಸೀಳಿದಳು. ಮತ್ತೊಂದರದ್ದು.

"ಹುಳ ಎಲ್ಲೈತೆ? ತೋರ್ಸಯ್ಯಾ, ಒಂದಾದ್ರೂ ತೋರ್ಸು!"

ಎರ್ರಪ್ಪ ಬಗ್ಗಿ ನೋಡಿದ. ಕೊಳವೆಗಳ ಒಳಗೆಲ್ಲ ತೊಳೆದಷ್ಟು ಸ್ವಚ್ಛವಾಗಿತ್ತು. ಮಚ್ಚು ಇನ್ನೂ ಅವನ ಕೈಯಲ್ಲೇ ಇತ್ತು. ಹಟ್ಟಿಯ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದ ಬಣ್ಣವಿಲ್ಲದ ಕುರಿಗಳಲ್ಲಿ ಒಂದು ಕೆಮ್ಮಿತು. ಆಮೇಲೆ ಇನ್ನೊಂದು.