ಬಿಸಿಲು ಕರೆಂಟು ಮತ್ತು ಬ್ಯಾಂಡಿನವರ ಕೆಂಪು ಕೋಟು

ಆ ಬೀದಿಯಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಹೋದ ಕೂಡಲೇ ಕೋಟು ಟೈಲರ್ ಮನೆಯ ಹಿಂದೆ ಡೀಸೆಲ್ ಜನರೇಟರ್ ಗುಡುಗುಡು ಎನ್ನುತ್ತಿತ್ತು. ಹೊಗೆ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು, ಕಿಟಕಿಯ ಪಕ್ಕ ಕೂತು ಗುಂಡಿ ಹಚ್ಚುವ ಅವನ ಅಮ್ಮನಿಗೆ ಕೆಮ್ಮು ಹತ್ತುತ್ತಿತ್ತು.

ಈಗ ವಿದ್ಯುತ್ ಕಂಪನಿಯವರು ಮನೆಮನೆಗೆ ಸೌರ ಫಲಕ ಹಾಕಿಕೊಡಲು ಬಂದಿದ್ದರು. ಬೇಕೋ ಬೇಡವೋ, ಶನಿವಾರದೊಳಗೆ ಹೇಳಬೇಕು. ಎದುರು ಮನೆಯ ನರ್ಸಕ್ಕ ಹೋದ ವರ್ಷವೇ ಹಾಕಿಸಿದ್ದಳು. ಟೈಲರ್ ಮಾತ್ರ ಬೇಡವೇ ಬೇಡ ಎಂದು ಕೂತಿದ್ದ.

"ಯಾಕಪ್ಪಾ ಬೇಡ?" ಎಂದಳು ನರ್ಸಕ್ಕ. "ಅಮ್ಮನಿಗೆ ಉಬ್ಬಸ ಹೆಚ್ಚಾಗ್ತಿದೆ. ಈ ಹೊಗೆ ನಿಲ್ಲೋವರೆಗೂ ಯಾವ ಔಷಧಿನೂ ನಾಟಲ್ಲ."

ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದ. "ಅಕ್ಕಾ, ಔಷಧಿ ವಿಷಯ ನಿಮಗೆ ಗೊತ್ತು. ಬಟ್ಟೆ ವಿಷಯ ನಂಗೆ ಬಿಡಿ. ಬಿಸಿಲಿಗೆ ಬಣ್ಣ ಹೋಗುತ್ತೋ ಇಲ್ವೋ?"

"ಹೋಗುತ್ತೆ."

"ಅಂದ್ಮೇಲೆ ಬಿಸಿಲಿನ ಕರೆಂಟಲ್ಲಿ ಇಸ್ತ್ರಿ ಮಾಡಿದ್ರೆ? ಬ್ಯಾಂಡಿನವರಿಗೆ ಕೆಂಪು ಕೋಟು ಹೊಲೀತಿದೀನಿ. ಅದು ಗುಲಾಬಿ ಆದ್ರೆ ಅವರು ಡೋಲು ಬಿಟ್ಟು ನನ್ನ ಬೆನ್ನು ಬಾರಿಸ್ತಾರೆ."

ನರ್ಸಕ್ಕನಿಗೆ ನಗು ತಡೆಯಲಾಗಲಿಲ್ಲ. "ಬಿಸಿಲು ಫಲಕದ ಮೇಲೇ ಉಳಿಯುತ್ತೆ ಕಣೋ. ತಂತೀಲಿ ಬರೋದು ಕರೆಂಟು ಮಾತ್ರ. ಅದು ಎಲ್ಲಿ ಹುಟ್ಟಿತು ಅಂತ ಇಸ್ತ್ರಿಪೆಟ್ಟಿಗೆಗೆ ಗೊತ್ತೇ ಆಗಲ್ಲ."

ಟೈಲರ್ ನಂಬಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ ಅವನು. ತಾನೇ ಪರೀಕ್ಷೆ ಮಾಡಿ ಎಲ್ಲರ ಬಾಯಿ ಮುಚ್ಚಿಸುತ್ತೇನೆಂದು ಕೆಂಪು ಬಟ್ಟೆಯ ಎರಡು ತುಂಡು ಕತ್ತರಿಸಿದ. ಮಟಮಟ ಮಧ್ಯಾಹ್ನ ನರ್ಸಕ್ಕನ ಮನೆಗೆ ಹೋಗಿ ಬಿಸಿಲು ಕರೆಂಟಿನಲ್ಲಿ ಒಂದಕ್ಕೆ ಇಸ್ತ್ರಿ ಹಾಕಿದ. ಇನ್ನೊಂದಕ್ಕೆ ತನ್ನ ಮನೆಯಲ್ಲೇ, ಜನರೇಟರ್ ಓಡಿಸಿ. ತನ್ನ ಮನೆಯಲ್ಲಿ ಇಸ್ತ್ರಿ ಮಾಡಿದ ತುಂಡಿನ ಹಿಂಬದಿಗೆ ಸೀಮೆಸುಣ್ಣದಲ್ಲಿ ಗೀಟು ಎಳೆದು, ಸಂಜೆವರೆಗೆ ಕಿಟಕಿ ಪಕ್ಕದ ಮೇಜಿನ ಮೇಲೇ ಬಿಟ್ಟ.

ಸಂಜೆ ಅಮ್ಮ ಎರಡನ್ನೂ ಬೆನ್ನ ಹಿಂದೆ ಅದಲುಬದಲು ಮಾಡಿ ಅವನ ಮುಂದಿಟ್ಟಳು. ತನ್ನ ಮನೆಯಲ್ಲಿದ್ದ ತುಂಡನ್ನು ತಂದುಕೊಟ್ಟ ನರ್ಸಕ್ಕನೂ ಪಕ್ಕದಲ್ಲೇ ನಿಂತಿದ್ದಳು.

ಟೈಲರ್ ಒಂದನ್ನು ಥಟ್ಟನೆ ಎತ್ತಿ ಹಿಡಿದ. "ಇದೇ ನಿಮ್ಮ ಬಿಸಿಲು ಕರೆಂಟಿಂದು. ಎಷ್ಟು ಮಂಕಾಗಿದೆ ನೋಡಿ. ನಾನು ಹೇಳಲಿಲ್ವಾ?"

ಅಮ್ಮ ತುಂಡನ್ನು ಮಗುಚಿದಳು. ಹಿಂದೆ ಗೀಟು ಇತ್ತು. ಟೈಲರ್ ಇಂಗು ತಿಂದ ಮಂಗನಂತಾದ.

ಅಮ್ಮ ಬಟ್ಟೆಯ ಮೇಲೆ ಬೆರಳು ಎಳೆದು ತೋರಿಸಿದಳು. ಬೆರಳು ಕಪ್ಪಾಗಿತ್ತು. "ಬಣ್ಣ ಎಲ್ಲೂ ಹೋಗಿಲ್ಲ. ನಿನ್ನ ಜನರೇಟರಿನ ಮಸಿ ಕೂತಿದೆ. ಒಂದು ಮಧ್ಯಾಹ್ನಕ್ಕೆ ಬಟ್ಟೆ ಮೇಲೆ ಇಷ್ಟು. ನಾನು ಎಷ್ಟು ವರ್ಷದಿಂದ ಈ ಕಿಟಕಿ ಪಕ್ಕ ಕೂತಿದೀನಿ, ಮಗಾ?"

ಟೈಲರ್ ಎದ್ದು ಕಿಟಕಿ ಮುಚ್ಚಿದ. ಕೋಟಿನ ಬಣ್ಣ ಕಾಯಲು ಹೋಗಿ ಹೆತ್ತವಳ ಉಸಿರನ್ನೇ ಮರೆತಿದ್ದ. "ಮೋಡ ಮುಚ್ಚಿದ ದಿನ ಏನಕ್ಕಾ ಮಾಡೋದು?" ಎಂದು ಮೆಲ್ಲಗೆ ಕೇಳಿದ.

"ಆಗ ಫಲಕದಲ್ಲಿ ಕಮ್ಮಿ ಬರುತ್ತೆ, ಉಳಿದಿದ್ದು ಕಂಪನಿ ಲೈನಿಂದ ಬರುತ್ತೆ. ಆದ್ರೆ ಲೈನು ಹೋದಾಗ್ಲೂ ನಿನ್ನ ಕೆಲಸ ನಡೀಬೇಕು ಅಂದ್ರೆ ಬರೀ ಫಲಕ ಸಾಲದು, ಬ್ಯಾಟರಿನೂ ಬೇಕು. ಇಸ್ತ್ರಿಪೆಟ್ಟಿಗೆ ಜಾಸ್ತಿ ಕರೆಂಟು ಎಳೆಯುತ್ತೆ. ಮೊದಲೇ ಹೇಳಿ ಅದಕ್ಕೆ ತಕ್ಕದ್ದನ್ನೇ ಹಾಕಿಸು."

ಟೈಲರ್ ಶನಿವಾರದವರೆಗೂ ಕಾಯಲಿಲ್ಲ. ಫಲಕ ಬಂತು, ಬ್ಯಾಟರಿ ಬಂತು, ಜನರೇಟರ್ ಗುಜರಿಗೆ ಹೋಯಿತು. ಕೋಟುಗಳು ಕೆಂಪಾಗಿಯೇ ಬ್ಯಾಂಡಿನವರ ಮೈ ಏರಿದವು. ಅಮ್ಮನ ಉಬ್ಬಸ ಪೂರ್ತಿ ಹೋಗಿಲ್ಲ. ಆದರೂ ಈಗ ಮಗನನ್ನು ಬೈಯಲು ಹೊರಟರೆ ನಡುವೆ ಎಲ್ಲೂ ಕೆಮ್ಮದೆ ಒಂದೇ ಉಸಿರಿಗೆ ಬೈದು ಮುಗಿಸುತ್ತಾಳೆ. ಅವನು ಹೊಲಿಗೆ ನಿಲ್ಲಿಸಿ, ಖುಷಿಯಿಂದ ಪೂರ್ತಿ ಕೇಳುತ್ತಾನೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಗೆ ಯಾವ ಕರೆಂಟು ಬೇಕು ಎಂದು ಕೇಳಿಕೊಂಡು ಬಂದವರನ್ನು ಬಾಗಿಲಿನಿಂದಲೇ ಕಳಿಸಬೇಡಿ. ಅನುಮಾನವಿದ್ದರೆ ಕೇಳಿ. ಹಾಕಿಸಿಕೊಂಡವರ ಮನೆಗೆ ಹೋಗಿ ಕಣ್ಣಾರೆ ನೋಡಿ. ನಿರ್ಧಾರ ಮಾಡುವ ಮುಂಚೆ, ಮನೆಯಲ್ಲಿ ಹೊಗೆ ಕುಡಿಯುತ್ತಿರುವವರು ಯಾರೋ ಅವರನ್ನು ಮೊದಲು ಕೇಳಿ.